ಅಲರ್ಜಿಯ ಔಷಧಗಳೂ ಮನಸ್ಸಿನ ಎಚ್ಚರವೂ

ಒಬ್ಬ ಮನುಷ್ಯನು ಎಚ್ಚರವಾಗಿರುವನೆಂಬುದಕ್ಕೆ ಪ್ರಮಾಣವೇನು? ಈ ಪ್ರಶ್ನೆಯು ಮೇಲುನೋಟಕ್ಕೆ ಅನಾವಶ್ಯಕವೆಂದೇ ತೋರುವುದು. ‘ನನಗೆ ನಿದ್ರೆಯಿಲ್ಲ, ಎಚ್ಚರವಾಗಿಯೇ ಇದ್ದೇನೆ’ ಎಂದು ಅವನೇ ಬಾಯಿಬಿಟ್ಟು ಹೇಳುತ್ತಿರುವಾಗ ಬೇರೊಂದು ಪ್ರಮಾಣವನ್ನು ಹುಡುಕುವುದು ಅಂಗೈಹುಣ್ಣಿಗೆ ಕನ್ನಡಿ ಹಿಡಿದಂತಾಯಿತೆಂದು ಯಾರಾದರೂ ನಕ್ಕಾರು. ಆದರೆ ಸೀನು, ಮೂಗಿನ ಸೋರಿಕೆ, ಕಣ್ಣುರಿ, ಮೈಮೇಲೆ ಏಳುವ ಗಂದೆ ಮೊದಲಾದವುಗಳ ಶಮನಕ್ಕಾಗಿ ಅಂಗಡಿಗಳಲ್ಲಿ ಸುಲಭವಾಗಿ ದೊರೆಯುವ ಕೆಲವು ಮಾತ್ರೆಗಳ ವಿಷಯದಲ್ಲಿ ವೈದ್ಯಶಾಸ್ತ್ರಜ್ಞರು ನಡೆಸಿರುವ ಪರೀಕ್ಷೆಗಳನ್ನು ನೋಡಿದರೆ, ಈ ಒಂದು ಸಂದರ್ಭದಲ್ಲಿಯಾದರೂ ಕನ್ನಡಿಯು ಬೇಕೇಬೇಕೆಂಬುದು ಸ್ಪಷ್ಟವಾಗುತ್ತದೆ. ಮಾತ್ರೆಯನ್ನು ನುಂಗಿದವನು ತನ್ನ ಎಚ್ಚರವನ್ನು ಕುರಿತು ನುಡಿಯುವ ಸಾಕ್ಷ್ಯಕ್ಕೂ ಅವನ ಕಣ್ಣು, ಕೈ, ಬುದ್ಧಿಗಳು ನಿಜವಾಗಿ ಮಾಡುವ ಕೆಲಸಕ್ಕೂ ಹೊಂದಿಕೆಯಿಲ್ಲದಿರುವುದು ಅನೇಕ ಸಲ ಕಂಡುಬಂದಿದೆ. ಈ ಹೊಂದಿಕೆಯಿಲ್ಲದಿರುವಿಕೆಯ ಕಾರಣವನ್ನೂ ಫಲವನ್ನೂ ವಿಚಾರಿಸುವುದೇ ಪ್ರಕೃತ ಲೇಖನದ ಉದ್ದೇಶ.

ಮೊದಲು ಶಬ್ದವಿಚಾರ. ಕನ್ನಡದಲ್ಲಿ ‘ಎಚ್ಚರ’ವೆಂಬ ಒಂದೇ ಮಾತು ಎರಡು ಅರ್ಥಗಳನ್ನು ಹೊತ್ತಿದೆ. ನಿದ್ರೆಯಿಂದ ಎದ್ದವನಿಗೂ ಎಚ್ಚರವಾಯಿತೆನ್ನುತ್ತಾರೆ. ಜಾರುವ ಮೆಟ್ಟಿಲನ್ನು ನೋಡಿ ಕಾಲಿಡುವವನಿಗೂ ಎಚ್ಚರವುಂಟೆನ್ನುತ್ತಾರೆ. ಮೊದಲನೆಯದು ಜಾಗರ, ಎರಡನೆಯದು ಅವಧಾನ. ನಿತ್ಯವ್ಯವಹಾರದಲ್ಲಿ ಇವೆರಡೂ ಜೊತೆಯಾಗಿಯೇ ಇರುವುದರಿಂದ ಒಂದು ಶಬ್ದದಿಂದ ತೊಂದರೆಯೇನೂ ಉಂಟಾಗಿಲ್ಲ. ಈ ಮಾತ್ರೆಗಳಾದರೋ ಎರಡನ್ನೂ ಬೇರ್ಪಡಿಸಬಲ್ಲವು: ಜಾಗರವನ್ನು ಉಳಿಸಿ ಅವಧಾನವನ್ನು ಅಪಹರಿಸಬಲ್ಲವು. ಸುಶ್ರುತಸಂಹಿತೆಯ ಶಾರೀರಸ್ಥಾನದಲ್ಲಿ ನಿದ್ರೆಯನ್ನು ಹೇಳಿದಮೇಲೆ ತಂದ್ರೆಯೆಂಬುದನ್ನು ಬೇರೆಯಾಗಿ ಎಣಿಸಿದ್ದಾರೆ. ಇಂದ್ರಿಯಗಳು ತಮ್ಮ ವಿಷಯಗಳನ್ನು ಸರಿಯಾಗಿ ಹಿಡಿಯದಿರುವುದು ಅದರ ಲಕ್ಷಣಗಳಲ್ಲಿ ಮೊದಲನೆಯದು. ಮೈಭಾರ, ಆಕಳಿಕೆ, ಬಳಲಿಕೆಗಳು ಉಳಿದವು. ನಿದ್ರೆಯಲ್ಲದೆಯೂ ಇಂದ್ರಿಯಗ್ರಹಣಕ್ಕೆ ಕುಂದುಂಟಾಗುವ ಸ್ಥಿತಿಯೊಂದಿದೆಯೆಂಬುದನ್ನು ಪ್ರಾಚೀನರು ಗುರುತಿಸಿದ್ದರೆಂಬುದು ಇಲ್ಲಿ ಗಮನಾರ್ಹ. ಆಕಳಿಕೆಯೂ ಮೈಭಾರವೂ ಇಲ್ಲದೆ ಆ ಮೊದಲನೆಯ ಲಕ್ಷಣವೊಂದೇ ತಲೆದೋರುವುದಾದರೆ, ಅದನ್ನು ಅನುಭವಿಸುವವನಿಗೆ ಅದರ ಸುಳಿವು ಸಿಕ್ಕುವುದೆಂತು?

‘ಅಲರ್ಜಿ’ ಎಂಬುದು ಇಂದು ಕನ್ನಡದ ಮನೆಮಾತೇ ಆಗಿದ್ದರೂ ಅದು ಹಳೆಯ ಶಬ್ದವಲ್ಲ. ವಿಯೆನ್ನಾ ನಗರದ ಮಕ್ಕಳ ವೈದ್ಯನಾದ ಕ್ಲೆಮೆನ್ಸ್ ಫಾನ್ ಪಿರ್ಕೆ ಎಂಬಾತನು 1906ನೆಯ ಇಸವಿಯಲ್ಲಿ ‘ಬೇರೆ’, ‘ಕ್ರಿಯೆ’ ಎಂಬರ್ಥದ ಎರಡು ಗ್ರೀಕ್ ಪದಗಳನ್ನು ಕೂಡಿಸಿ ಇದನ್ನು ನಿರ್ಮಿಸಿದನು. ಆಯುರ್ವೇದದ ‘ಅಸಾತ್ಮ್ಯ’ವನ್ನು ಇದಕ್ಕೆ ಪರ್ಯಾಯವಾಗಿ ಬಳಸುವುದುಂಟಾದರೂ ಅಸಾತ್ಮ್ಯದ ವ್ಯಾಪ್ತಿ ಇನ್ನೂ ದೊಡ್ಡದು. ಹಾಲು ಜೀರ್ಣವಾಗದಿರುವುದೂ ಅಸಾತ್ಮ್ಯವೇ, ಅದೆಲ್ಲವೂ ಅಲರ್ಜಿಯಲ್ಲ. ಮಾಧವನಿದಾನದಲ್ಲಿ ಶೀತಪಿತ್ತವೆಂದು ಹೇಳಿರುವ, ಕಣಜ ಕಚ್ಚಿದಂತೆ ಮೈಮೇಲೆ ದದ್ದೇಳುವ ವ್ಯಾಧಿಯೂ ಕನ್ನಡನಾಡಿನವರು ಪಿತ್ತದ ಗಂದೆಯೆನ್ನುವುದೂ ಒಂದೇ ಎನ್ನಲು ಅಡ್ಡಿಯಿಲ್ಲ. ಅದೂ, ಹೂವಿನ ಪರಾಗವೋ ಮನೆಯ ಧೂಳೋ ಮೂಗಿಗೆ ತಗುಲಿ ಒಂದೇ ಸಮನೆ ಸೀನು ಬರುವುದೂ ಬಹುಮಟ್ಟಿಗೆ ಒಂದೇ ದ್ರವ್ಯದ ಕೆಲಸವೆಂದು ಈಗ ತಿಳಿದಿದೆ. ಆ ದ್ರವ್ಯವೇ ಹಿಸ್ಟಮೀನು.

ಹಿಸ್ಟಮೀನಿನ ಗುಣಗಳನ್ನು ಹೆನ್ರಿ ಡೇಲ್, ಲೇಡ್ಲಾ ಎಂಬಿಬ್ಬರು ಇಂಗ್ಲೆಂಡಿನಲ್ಲಿ 1910ರಲ್ಲಿ ವಿವರಿಸಿದರು. ಅದು ಪ್ರಾಣಿಶರೀರದಲ್ಲಿ ಸಹಜವಾಗಿಯೇ ಇರತಕ್ಕದ್ದೆಂಬುದು 1927ರಲ್ಲಿ ಯಕೃತ್ತು, ಶ್ವಾಸಕೋಶಗಳಿಂದ ಅದನ್ನು ಬೇರ್ಪಡಿಸಿದಮೇಲೆ ನಿಶ್ಚಿತವಾಯಿತು. ಧಾತು ಎಂಬರ್ಥದ ಗ್ರೀಕ್ ಪದದಿಂದ ಅದಕ್ಕೆ ಆ ಹೆಸರು. ಚರ್ಮದಲ್ಲಿಯೂ ಮೂಗಿನ ಒಳಪೊರೆಯಲ್ಲಿಯೂ ಇರುವ ಒಂದು ಜಾತಿಯ ಕೋಶಗಳು ಅದನ್ನು ಕಣಗಳ ರೂಪದಲ್ಲಿ ತುಂಬಿಕೊಂಡಿದ್ದು, ಒಗ್ಗದ ವಸ್ತುವು ತಾಕಿದೊಡನೆ ಹೊರಚೆಲ್ಲುತ್ತವೆ. ಅಲ್ಲಿಂದಾಚೆಗೆ ರಕ್ತನಾಳಗಳು ಹಿಗ್ಗುವುದು, ನೀರು ಜಿನುಗುವುದು, ತುರಿಕೆ, ಸೀನು. ಈ ಕ್ರಿಯೆಯು ನಡೆಯಬೇಕಾದರೆ ಹಿಸ್ಟಮೀನು ಗ್ರಾಹಕವೆಂಬ ಒಂದು ನೆಲೆಯಲ್ಲಿ, ಬೀಗದಲ್ಲಿ ಕೀಲಿಯು ಕೂಡುವಂತೆ, ಬಂದು ಕೂಡಬೇಕು. ಆ ನೆಲೆಯನ್ನು ಮೊದಲೇ ಬೇರೊಂದು ದ್ರವ್ಯವು ಆಕ್ರಮಿಸಿದ್ದರೆ ಹಿಸ್ಟಮೀನು ನಿಷ್ಫಲವಾಗುವುದು. ಈ ಯುಕ್ತಿಯನ್ನನುಸರಿಸಿ ಪ್ಯಾರಿಸಿನ ಪಾಶ್ಚರ್ ಸಂಸ್ಥೆಯಲ್ಲಿ ಡ್ಯಾನಿಯೆಲ್ ಬೊವೆ, ಆನ್ ಮಾರೀ ಸ್ಟಾಬ್ ಎಂಬವರು 1937ರಲ್ಲಿ ಮೊದಲನೆಯ ಹಿಸ್ಟಮೀನುವಿರೋಧಿಯನ್ನು ಕಂಡುಹಿಡಿದರು. ಅದು ವಿಷಪ್ರಾಯವಾದುದರಿಂದ ಮನುಷ್ಯರಿಗೆ ಒದಗಲಿಲ್ಲ; 1942ರಲ್ಲಿ ಬಂದ ಆಂಟರ್ಗಾನ್ ಎಂಬುದೇ ಮನುಷ್ಯರಲ್ಲಿ ಬಳಕೆಗೆ ಬಂದ ಮೊದಲನೆಯದು. 1946ರಲ್ಲಿ ಅಮೆರಿಕದಲ್ಲಿ ಬೆನಡ್ರಿಲ್ ಎಂಬ ಹೆಸರಿನಿಂದ ಡೈಫೆನ್‌ಹೈಡ್ರಮೀನು ಹೊರಟಿತು. ಬೊವೆಗೆ 1957ರಲ್ಲಿ ನೊಬೆಲ್ ಪಾರಿತೋಷಕವು ಸಂದಿತು.

ಈ ಔಷಧಗಳು ನಿದ್ರೆಯನ್ನು ತರುತ್ತವೆಂಬ ದೂರು ಮೊದಲಿನಿಂದಲೂ ಇದ್ದಿತು. ದೂರನ್ನೇ ಗುಣವೆಂದು ಕಂಡವರೂ ಇದ್ದರು. ಫ್ರಾನ್ಸಿನ ನೌಕಾದಳದ ಶಸ್ತ್ರವೈದ್ಯನಾದ ಲಾಬೊರಿ ಎಂಬಾತನು ಪ್ರೊಮೆಥಜೀನ್ ಎಂಬ ಈ ವರ್ಗದ ಔಷಧವನ್ನು ಶಸ್ತ್ರಚಿಕಿತ್ಸೆಯ ರೋಗಿಗಳಿಗೆ ಕೊಟ್ಟು, ಅವರಲ್ಲಿ ಒಂದು ಬಗೆಯ ನಿರ್ಲಿಪ್ತತೆಯು ಉಂಟಾಗುವುದನ್ನು ಗಮನಿಸಿದನು; ಅದೇ ಜಾಡಿನಲ್ಲಿ ಹೊರಟು 1950ರಲ್ಲಿ ತಯಾರಾದ ಕ್ಲೋರ್‌ಪ್ರೊಮಜೀನು ಉನ್ಮಾದಚಿಕಿತ್ಸೆಯ ಚರಿತ್ರೆಯನ್ನೇ ತಿರುಗಿಸಿತು. ಅದು ಬೇರೆಯೇ ಒಂದು ಕಥೆ. ಸೀನಿನ ಮಾತ್ರೆಯ ಮನೆತನದಲ್ಲಿ ಉನ್ಮಾದದ ಔಷಧವು ಹುಟ್ಟಿತೆಂಬುದನ್ನು ನೆನೆದರೆ, ಆ ಮಾತ್ರೆಗೆ ಮನಸ್ಸಿನೊಡನೆ ಸಂಬಂಧವಿಲ್ಲವೆನ್ನುವಂತಿಲ್ಲ.

ಸಂಬಂಧವಾದರೂ ಎಂತಹುದು? ಇದಕ್ಕೆ ಉತ್ತರವು ದೊರೆತದ್ದು ಬಹಳ ತಡವಾಗಿ. ವಿಯೆನ್ನಾದಲ್ಲಿಯೇ ಫಾನ್ ಎಕೊನೊಮೊ ಎಂಬ ವೈದ್ಯನು 1917ರಲ್ಲಿ ವಿಚಿತ್ರವಾದೊಂದು ಮಿದುಳುಜ್ವರವನ್ನು ವರ್ಣಿಸಿದನು. ಅದಕ್ಕೆ ತುತ್ತಾದವರಲ್ಲಿ ಬಹುಮಂದಿ ಬಿಡದೆ ನಿದ್ರಿಸುತ್ತಿದ್ದರು, ಕೆಲವರಿಗೆ ನಿದ್ರೆಯೇ ಬರುತ್ತಿರಲಿಲ್ಲ. ಸತ್ತವರ ಮಿದುಳನ್ನು ಪರೀಕ್ಷಿಸಿದಾಗ, ನಿದ್ರಾಳುಗಳಲ್ಲಿ ಹೈಪೊಥಾಲಮಸ್ ಎಂಬ ಭಾಗದ ಹಿಂಬದಿಯೂ ನಿದ್ರಾಹೀನರಲ್ಲಿ ಅದರ ಮುಂಬದಿಯೂ ಕೆಟ್ಟಿದ್ದುವು. ಹಾಗಾದರೆ ಆ ಹಿಂಬದಿಯಲ್ಲಿ ಜಾಗರವನ್ನು ಕಾಪಾಡುವುದೇನೋ ಇರಬೇಕೆಂದು ಆತನು ಊಹಿಸಿದನು. ಅಲ್ಲಿರುವ ಒಂದು ಸಣ್ಣ ಗುಂಪಿನ ನರಕೋಶಗಳು ಹಿಸ್ಟಮೀನನ್ನೇ ತಯಾರಿಸಿ ಮಿದುಳಿನ ಎಲ್ಲ ಕಡೆಗೂ ತಮ್ಮ ತಂತುಗಳ ಮೂಲಕ ಹಂಚುತ್ತವೆಂಬುದು 1984ರಲ್ಲಿ ಸಿದ್ಧವಾಯಿತು. ಮನುಷ್ಯನು ಎಚ್ಚರವಾಗಿರುವಾಗ ಈ ಕೋಶಗಳು ಕೆಲಸಮಾಡುತ್ತವೆ, ನಿದ್ರಿಸುವಾಗ ಸುಮ್ಮನಾಗುತ್ತವೆ.

ಆದಕಾರಣ ಹಿಸ್ಟಮೀನು ಮೂಗಿನಲ್ಲಿ ಉಪದ್ರವಕಾರಿ, ಮಿದುಳಿನಲ್ಲಿ ದ್ವಾರಪಾಲಕ. ಶಬ್ದಶಾಸ್ತ್ರದಲ್ಲಿ ನಾನಾರ್ಥಗಳ ನಿರ್ಣಯವನ್ನು ಬೋಧಿಸುವಾಗ ‘ಸೈಂಧವ’ ಶಬ್ದವನ್ನು ಉದಾಹರಿಸುವುದು ವಾಡಿಕೆ. ಉಪ್ಪಿಗೂ ಕುದುರೆಗೂ ಅದೇ ಹೆಸರು. ಊಟದ ಹೊತ್ತಿನಲ್ಲಿ ಸೈಂಧವವನ್ನು ತಾರೆಂದರೆ ಉಪ್ಪನ್ನು ತರಬೇಕು, ಪ್ರಯಾಣದ ಹೊತ್ತಿನಲ್ಲಿ ಕುದುರೆಯನ್ನು. ಪ್ರಕರಣವನ್ನರಿಯದ ಆಳು ಎರಡನ್ನೂ ತಂದು ನಿಲ್ಲಿಸಿಯಾನು. ಹಳೆಯ ಹಿಸ್ಟಮೀನುವಿರೋಧಿಯು ಅಂತಹ ಆಳು. ಮೂಗಿನ ಹಿಸ್ಟಮೀನನ್ನು ತಡೆಯೆಂದು ಅಪ್ಪಣೆಕೊಟ್ಟರೆ ಮಿದುಳಿನದನ್ನೂ ತಡೆದುಬಿಡುತ್ತದೆ.

ರಕ್ತಕ್ಕೂ ಮಿದುಳಿಗೂ ನಡುವೆ ಪ್ರಕೃತಿಯು ಒಂದು ತಡೆಯನ್ನಿರಿಸಿದೆ. ಜಿಡ್ಡಿನಲ್ಲಿ ಸುಲಭವಾಗಿ ಕರಗುವ ಸಣ್ಣ ಅಣುಗಳು ಈ ತಡೆಯನ್ನು ದಾಟುತ್ತವೆ. ಡೈಫೆನ್‌ಹೈಡ್ರಮೀನು, ಕ್ಲೋರ್‌ಫೆನಿರಮೀನು, ಅವಿಲ್ ಎಂಬ ಹೆಸರಿನಿಂದ ಪರಿಚಿತವಾದ ಫೆನಿರಮೀನು, ಹೈಡ್ರಾಕ್ಸಿಜೀನು ಇವೆಲ್ಲ ಅಂತಹವು. ಇವನ್ನು ಮೊದಲ ತಲೆಮಾರಿನವೆನ್ನುತ್ತಾರೆ. ಲೊರಾಟಡೀನು, ಸೆಟಿರಿಜೀನು, ಫೆಕ್ಸೊಫೆನಡೀನು ಮೊದಲಾದ ಎರಡನೆಯ ತಲೆಮಾರಿನವು ಅಷ್ಟಾಗಿ ಒಳಹೊಗಲಾರವು. ಹೊಕ್ಕರೂ, ಅವುಗಳಲ್ಲಿ ಕೆಲವನ್ನು ಹಿಡಿದು ಮರಳಿ ಹೊರದೂಡುವ ಒಂದು ಪ್ರೋಟೀನು ಆ ತಡೆಯ ಗೋಡೆಯಲ್ಲಿಯೇ ಇದೆ.

ಇಷ್ಟು ಪೀಠಿಕೆಯಾದಮೇಲೆ ಮುಖ್ಯವಾದ ಪರೀಕ್ಷೆಯ ಕಡೆಗೆ ಬರಬಹುದು. ಅಮೆರಿಕದ ಅಯೋವಾ ವಿಶ್ವವಿದ್ಯಾನಿಲಯದಲ್ಲಿ, ನಿಜವಾದ ಕಾರಿನೊಳಗೆ ಕುಳಿತು ರಸ್ತೆಯ ಚಿತ್ರವನ್ನು ನೋಡುತ್ತ ನಡೆಸುವ ಒಂದು ಕೃತಕ ವಾಹನಯಂತ್ರವಿದ್ದಿತು. ಪರಾಗದ ಅಲರ್ಜಿಯುಳ್ಳ, 25ರಿಂದ 44 ವಯಸ್ಸಿನೊಳಗಿನ, ಚಾಲನೆಯ ಪರವಾನಗಿಯಿದ್ದ 40 ಜನರನ್ನು ಆರಿಸಿ, ಪ್ರತಿಯೊಬ್ಬರಿಗೂ ವಾರವಾರದ ಅಂತರದಲ್ಲಿ ನಾಲ್ಕು ಬಗೆಯ ಪಾನಗುಳಿಗೆಗಳನ್ನು ಕೊಟ್ಟರು: ಒಮ್ಮೆ 50 ಮಿಲಿಗ್ರಾಂ ಡೈಫೆನ್‌ಹೈಡ್ರಮೀನು, ಒಮ್ಮೆ 60 ಮಿಲಿಗ್ರಾಂ ಫೆಕ್ಸೊಫೆನಡೀನು, ಒಮ್ಮೆ ರಕ್ತದಲ್ಲಿ ಶೇಕಡ 0.1ರಷ್ಟಾಗುವ ಮದ್ಯ, ಒಮ್ಮೆ ನಿಸ್ಸಾರವಾದ ಹುಸಿ ಔಷಧ. ಇಂಡಿಯಾದೇಶದ ಮೋಟಾರು ವಾಹನ ಕಾಯಿದೆಯು ಚಾಲಕನಿಗೆ ಸಹಿಸುವುದು ನೂರು ಮಿಲಿಲೀಟರ್ ರಕ್ತಕ್ಕೆ 30 ಮಿಲಿಗ್ರಾಂ ಮದ್ಯವನ್ನು. ಪರೀಕ್ಷೆಯಲ್ಲಿದ್ದದ್ದು ಅದರ ಮೂರು ಪಟ್ಟಿಗಿಂತ ಹೆಚ್ಚೆಂಬುದನ್ನು ನೆನಪಿನಲ್ಲಿಡಬೇಕು. ಯಾವ ದಿನ ಯಾವುದನ್ನು ಕೊಟ್ಟಿತೆಂಬುದು ಕೊಂಡವರಿಗೂ ತಿಳಿಯದು, ಅಳೆದವರಿಗೂ ತಿಳಿಯದು. 2000ದ ಇಸವಿಯಲ್ಲಿ ಪ್ರಕಟವಾದ ಫಲಿತಾಂಶವು ವಿಸ್ಮಯಕರವಾದುದು. ಮುಂದಿನ ವಾಹನವು ವೇಗವನ್ನು ಹೆಚ್ಚುಕಡಮೆ ಮಾಡಿದಂತೆಲ್ಲ ತನ್ನ ವೇಗವನ್ನೂ ಹೊಂದಿಸಿಕೊಂಡು ಹಿಂಬಾಲಿಸುವ ಕೆಲಸದಲ್ಲಿ ಡೈಫೆನ್‌ಹೈಡ್ರಮೀನು ಕೊಂಡವರು ಮದ್ಯ ಕುಡಿದವರಿಗಿಂತಲೂ ಕೀಳಾದರು. ರಸ್ತೆಯ ನಡುಗೆರೆಯನ್ನು ದಾಟದೆ ಸ್ಥಿರವಾಗಿ ನಡೆಸುವುದರಲ್ಲಿ ಮದ್ಯವೂ ಡೈಫೆನ್‌ಹೈಡ್ರಮೀನೂ ಎರಡೂ ಕೇಡನ್ನುಂಟುಮಾಡಿದುವು. ತಟಕ್ಕನೆ ಎದುರಿಗೆ ಬಂದ ಅಡ್ಡಿಗೆ ಪ್ರತಿಕ್ರಿಯೆ ತೋರುವುದರಲ್ಲಿ ಮಾತ್ರ ಮದ್ಯವೇ ಎಲ್ಲಕ್ಕಿಂತ ನಿಧಾನವಾಗಿದ್ದಿತು. ಫೆಕ್ಸೊಫೆನಡೀನು ಕೊಂಡ ದಿನದ ಚಾಲನೆಯು ಹುಸಿ ಔಷಧದ ದಿನದ ಚಾಲನೆಯಂತೆಯೇ ಇದ್ದಿತು.

ಆದರೆ ಇದಕ್ಕಿಂತಲೂ ಮಹತ್ತಾದ ಅಂಶವು ಬೇರೊಂದುಂಟು. ನಿದ್ರೆಯು ಎಷ್ಟು ಬಂದಂತಿದೆಯೆಂದು ಅವರವರನ್ನೇ ಕೇಳಿ ಬರೆದುಕೊಂಡಿದ್ದರು. ಆ ಉತ್ತರಗಳಿಗೂ ಹಿಂಬಾಲಿಸುವ ಕೆಲಸದಲ್ಲಿ ಕಂಡುಬಂದ ಕೊರತೆಗೂ ಸಂಬಂಧವೇ ಇರಲಿಲ್ಲ. ಗೆರೆದಾಟುವುದೇ ಮೊದಲಾದ ತಪ್ಪುಗಳೊಡನೆ ಇದ್ದ ಸಂಬಂಧವು ತೀರ ದುರ್ಬಲವಾದುದು. ಅಂದರೆ ತನಗೆ ನಿದ್ರೆಯಿಲ್ಲವೆಂದು ಪ್ರಾಮಾಣಿಕವಾಗಿ ಹೇಳಿದವನೂ ಕೆಟ್ಟದಾಗಿ ನಡೆಸಿದ್ದುಂಟು. ಅವನು ಸುಳ್ಳು ಹೇಳಲಿಲ್ಲ. ಅವನಿಗೆ ತಿಳಿಯಲಿಲ್ಲ.

ಜ್ಞಾನದ ಪ್ರಾಮಾಣ್ಯವನ್ನು ಕುರಿತು ಮೀಮಾಂಸಕರಿಗೂ ನೈಯಾಯಿಕರಿಗೂ ನಡೆದ ವಾದವನ್ನು ಬಲ್ಲವರಿಗೆ ಈ ಫಲಿತಾಂಶವು ಹೊಸ ಸ್ವಾರಸ್ಯವನ್ನು ಕೊಟ್ಟೀತು. ಜ್ಞಾನವು ತನ್ನಿಂದ ತಾನೇ ಪ್ರಮಾಣವೆಂದು ಮೀಮಾಂಸಕರು. ಅದರಿಂದ ಹೊರಟ ಪ್ರವೃತ್ತಿಯು ಸಫಲವಾದಾಗಲೇ ಪ್ರಾಮಾಣ್ಯವನ್ನು ಅನುಮಾನಿಸಬೇಕೆಂದು ನೈಯಾಯಿಕರು. ‘ಎಚ್ಚರವಾಗಿದ್ದೇನೆ’ ಎಂಬ ಜ್ಞಾನದ ಪರೀಕ್ಷೆಯನ್ನು ಅಯೋವಾದವರು ನ್ಯಾಯಮಾರ್ಗದಲ್ಲಿಯೇ ಮಾಡಿದಂತಾಯಿತು: ಚಕ್ರವು ಗೆರೆಯೊಳಗೆ ನಿಂತಿತೇ ಎಂದು ನೋಡಿದರು. ಮೀಮಾಂಸಕರನ್ನು ಇದರಿಂದ ಸೋತರೆನ್ನುವುದು ಮಾತ್ರ ಸರಿಯಲ್ಲ. ಜ್ಞಾನವನ್ನು ಹುಟ್ಟಿಸುವ ಕಾರಣದಲ್ಲಿ ದೋಷವಿದೆಯೆಂದು ತಿಳಿದರೆ ಅಪ್ರಾಮಾಣ್ಯವು ಸಿದ್ಧಿಸುತ್ತದೆಂದು ಅವರೂ ಒಪ್ಪಿದ್ದಾರೆ. ಕಾಮಾಲೆಯವನಿಗೆ ಶಂಖವು ಹಳದಿಯಾಗಿ ಕಾಣುವುದು ಕಣ್ಣಿನ ದೋಷದಿಂದ. ಹೀಗೆಂದು ತಿಳಿದಮೇಲೆ ಅವನೇ ತನ್ನ ಕಣ್ಣನ್ನು ನಂಬುವುದಿಲ್ಲ. ಇಲ್ಲಿ ದೋಷವು ತಗುಲಿರುವುದು ಎಚ್ಚರವನ್ನು ಅಳೆಯತಕ್ಕ ಮನಸ್ಸಿಗೇ. ತಕ್ಕಡಿಯನ್ನು ಅದೇ ತಕ್ಕಡಿಯಲ್ಲಿ ತೂಗುವುದು ಸಾಧ್ಯವಿಲ್ಲವಷ್ಟೆ.

ಒಂದು ಪರೀಕ್ಷೆಯಿಂದ ಸಿದ್ಧಾಂತಮಾಡುವುದು ಸಾಹಸವೆಂದು ಆಕ್ಷೇಪಿಸಬಹುದು. ಅದರಲ್ಲಿಯೂ ಹೊಸ ಮಾತ್ರೆಗಳನ್ನು ಮಾರುವವರಿಗೆ ಲಾಭಕರವಾದ ತೀರ್ಮಾನವಿದು. ಆಕ್ಷೇಪವು ನ್ಯಾಯವಾದುದೇ. ಆದರೆ ಬೇರೆ ಬೇರೆ ದೇಶಗಳಲ್ಲಿ ಬೇರೆ ಬೇರೆ ಸಾಧನಗಳಿಂದ ನೋಡಿದವರೂ ಇದೇ ಕಡೆಗೆ ಬಂದಿದ್ದಾರೆ. ಹಾಲೆಂಡಿನವರು ಕೃತಕಯಂತ್ರವನ್ನು ಬಿಟ್ಟು ನಿಜವಾದ ಹೆದ್ದಾರಿಯಲ್ಲಿಯೇ 100 ಕಿಲೋಮೀಟರ್ ದೂರ ಗಂಟೆಗೆ 95 ಕಿಲೋಮೀಟರ್ ವೇಗದಲ್ಲಿ ಕಾರನ್ನು ನಡೆಸಹೇಳಿ, ಅದು ಪಕ್ಕದ ಗೆರೆಯಿಂದ ಎಷ್ಟೆಷ್ಟು ಓಲಾಡಿತೆಂಬುದನ್ನು ಸೆಂಟಿಮೀಟರುಗಳಲ್ಲಿ ಅಳೆಯುವ ಕ್ರಮವೊಂದನ್ನು ರೂಢಿಸಿದ್ದಾರೆ. ಓಲಾಟವು 2.4 ಸೆಂಟಿಮೀಟರ್ ಹೆಚ್ಚಾದರೆ ಅದು ರಕ್ತದಲ್ಲಿ ಶೇಕಡ 0.05 ಮದ್ಯವಿದ್ದುದಕ್ಕೆ ಸಮಾನ. ಮೊದಲ ತಲೆಮಾರಿನ ಔಷಧಗಳು ಈ ಅಳತೆಯಲ್ಲಿಯೂ ಸಿಕ್ಕಿಬಿದ್ದಿವೆ. ಜಪಾನಿನ ಸೆಂಡೈ ನಗರದ ತೊಹೊಕು ವಿಶ್ವವಿದ್ಯಾನಿಲಯದವರು ಇನ್ನೂ ಒಳಗೆ ಹೊಕ್ಕು, ಮಿದುಳಿನಲ್ಲಿ ಹಿಸ್ಟಮೀನಿನ ನೆಲೆಗಳಲ್ಲಿ ಎಷ್ಟು ಪಾಲನ್ನು ಯಾವ ಔಷಧವು ಆಕ್ರಮಿಸುತ್ತದೆಂಬುದನ್ನು ವಿಕಿರಣಶೀಲ ದ್ರವ್ಯದ ಸಹಾಯದಿಂದ ಚಿತ್ರಿಸಿದ್ದಾರೆ. ಶೇಕಡ 20ಕ್ಕಿಂತ ಕಡಮೆಯಾದರೆ ನಿದ್ರಾಜನಕವಲ್ಲ, 50ಕ್ಕೆ ಮೇಲಾದರೆ ನಿದ್ರಾಜನಕ, ನಡುವಿನದು ನಡುವಿನ ವರ್ಗ. ಕ್ಲೋರ್‌ಫೆನಿರಮೀನು ಸಾಮಾನ್ಯ ಪ್ರಮಾಣದಲ್ಲಿಯೇ ಅರ್ಧದಷ್ಟನ್ನೋ ಅದಕ್ಕಿಂತ ಹೆಚ್ಚನ್ನೋ ಹಿಡಿಯುತ್ತದೆ. ಫೆಕ್ಸೊಫೆನಡೀನು ಹಿಡಿಯುವುದು ಹೆಚ್ಚುಕಡಮೆ ಸೊನ್ನೆ.

ಅಧ್ಯಾಪಕವರ್ಗದವರು ವಿಶೇಷವಾಗಿ ಲಕ್ಷ್ಯಕೊಡಬೇಕಾದದ್ದು ವಿದ್ಯಾರ್ಥಿಗಳ ವಿಷಯ. ಇಂಗ್ಲೆಂಡಿನಲ್ಲಿ ಹದಿನೈದು ಹದಿನಾರು ವಯಸ್ಸಿನವರು ಬರೆಯುವ ಸಾರ್ವಜನಿಕ ಪರೀಕ್ಷೆಯು ಬೇಸಗೆಯಲ್ಲಿ, ಹುಲ್ಲಿನ ಪರಾಗವು ಗಾಳಿಯಲ್ಲಿ ತುಂಬಿರುವಾಗಲೇ ನಡೆಯುತ್ತದೆ. ಅದಕ್ಕೆ ಮುಂಚಿನ ಅಭ್ಯಾಸಪರೀಕ್ಷೆಯು ಪರಾಗವಿಲ್ಲದ ಚಳಿಗಾಲದಲ್ಲಿ. ಒಬ್ಬನೇ ವಿದ್ಯಾರ್ಥಿಯ ಎರಡು ಪರೀಕ್ಷೆಗಳನ್ನು ಹೋಲಿಸಿ ನೋಡಲು ಇದಕ್ಕಿಂತ ಒಳ್ಳೆಯ ಸಂದರ್ಭವು ಸಿಕ್ಕಲಾರದು. 1,834 ವಿದ್ಯಾರ್ಥಿಗಳನ್ನು ಹೀಗೆ ಹೋಲಿಸಿದ ಅಧ್ಯಯನವು 2007ರಲ್ಲಿ ಪ್ರಕಟವಾಯಿತು. ಪರೀಕ್ಷೆಯ ದಿನ ಮೂಗಿನ ಅಲರ್ಜಿಯ ಬಾಧೆಯಿದ್ದವರು ಯಾವುದಾದರೊಂದು ವಿಷಯದಲ್ಲಿ ಒಂದು ದರ್ಜೆ ಕೆಳಗಿಳಿಯುವ ಸಂಭವವು ಬಾಧೆಯಿಲ್ಲದವರಿಗಿಂತ 1.4 ಪಟ್ಟು; ನಿದ್ರಾಜನಕವಾದ ಮಾತ್ರೆಯನ್ನು ಕೊಂಡಿದ್ದವರಿಗೆ 1.7 ಪಟ್ಟು. ಉತ್ತರಪತ್ರಿಕೆಯನ್ನು ತಿದ್ದುವವರಿಗೆ ಕಾಣುವುದು ಬಿಟ್ಟುಹೋದ ಒಂದು ಪ್ರಶ್ನೆ, ತಪ್ಪಾಗಿ ಇಳಿಸಿದ ಒಂದು ಅಂಕಿ, ಅರ್ಧಕ್ಕೆ ನಿಂತ ಒಂದು ವಾಕ್ಯ. ಅದನ್ನು ಅಲಕ್ಷ್ಯವೆಂದು ಬರೆದುಬಿಡುವುದು ಸುಲಭ. ಅದರ ಹಿಂದೆ ಬೆಳಗ್ಗೆ ಮನೆಯಲ್ಲಿ ಹಿರಿಯರು ಪ್ರೀತಿಯಿಂದ ಕೊಟ್ಟ ಒಂದು ಮಾತ್ರೆಯಿದ್ದೀತೆಂದು ಯಾರೂ ಎಣಿಸುವುದಿಲ್ಲ.

ಇದರಿಂದ ಮಾತ್ರೆಯನ್ನೇ ಬಿಟ್ಟು ಸೀನುತ್ತ ಕುಳ್ಳಿರಬೇಕೆಂಬ ಅರ್ಥವು ಹೊರಡುವುದಿಲ್ಲ. ಮೇಲಿನ ಲೆಕ್ಕದಲ್ಲಿಯೇ ವ್ಯಾಧಿಯ ಪಾಲು ಸ್ಪಷ್ಟವಾಗಿದೆ. ರಾತ್ರಿ ಮೂಗು ಕಟ್ಟಿ ನಿದ್ರೆಗೆಟ್ಟವನ ಬುದ್ಧಿಯು ಹಗಲು ಹೇಗೆ ಚುರುಕಾದೀತು? ಹಾಲೆಂಡಿನಲ್ಲಿ ಹತ್ತರಿಂದ ಹನ್ನೆರಡು ವಯಸ್ಸಿನ ಮಕ್ಕಳ ಕಲಿಕೆಯನ್ನು ಪರೀಕ್ಷಿಸಿ 1993ರಲ್ಲಿ ಪ್ರಕಟಿಸಿದವರಿಗೆ ಕಂಡದ್ದೂ ಇದೇ: ಅಲರ್ಜಿಯುಳ್ಳ ಮಕ್ಕಳು ಆರೋಗ್ಯವಂತರಿಗಿಂತ ಕಡಮೆ ಕಲಿತರು, ಡೈಫೆನ್‌ಹೈಡ್ರಮೀನು ಆ ಕೊರತೆಯನ್ನು ಹೆಚ್ಚಿಸಿತು, ಲೊರಾಟಡೀನು ಸ್ವಲ್ಪಮಟ್ಟಿಗೆ ತಗ್ಗಿಸಿತು. ರೋಗ, ಔಷಧಗಳೆರಡೂ ಒಂದೇ ಕಡೆಗೆ ಎಳೆಯುವ ಸಂದರ್ಭವಿದು. ಆದುದರಿಂದಲೇ ಔಷಧದ ಆಯ್ಕೆಯು ಇಲ್ಲಿ ಅಲ್ಪವಿಷಯವಲ್ಲ.

ರಾತ್ರಿ ಮಲಗುವಾಗ ಮಾತ್ರೆಯನ್ನು ಕೊಂಡರೆ ಬೆಳಗಾಗುವುದರೊಳಗೆ ಎಲ್ಲವೂ ಸರಿಹೋಗುವುದೆಂಬ ನಂಬಿಕೆಯು ಬಳಕೆಯಲ್ಲಿದೆ. ಇದು ಅರ್ಧಸತ್ಯ. ಶರೀರದಲ್ಲಿರುವ ಔಷಧವು ಅರ್ಧಕ್ಕಿಳಿಯಲು ಬೇಕಾಗುವ ಕಾಲವು ಡೈಫೆನ್‌ಹೈಡ್ರಮೀನಿನ ವಿಷಯದಲ್ಲಿ ಮಕ್ಕಳಿಗೆ ಸುಮಾರು 5 ಗಂಟೆ, ತರುಣರಿಗೆ 9, ವೃದ್ಧರಿಗೆ 13ಕ್ಕೂ ಮಿಕ್ಕು. ಕ್ಲೋರ್‌ಫೆನಿರಮೀನಿಗೆ ಪ್ರಾಯದವರಲ್ಲಿಯೇ 20 ಗಂಟೆಗಳ ಆಸುಪಾಸು. ರಾತ್ರಿ 50 ಮಿಲಿಗ್ರಾಂ ಡೈಫೆನ್‌ಹೈಡ್ರಮೀನು ಕೊಂಡವರ ಮಿದುಳಿನಲ್ಲಿ 12 ಗಂಟೆಗಳ ತರುವಾಯವೂ ಹಿಸ್ಟಮೀನಿನ ನೆಲೆಗಳಲ್ಲಿ ಶೇಕಡ 40ಕ್ಕಿಂತ ಹೆಚ್ಚು ಪಾಲು ಆಕ್ರಾಂತವಾಗಿಯೇ ಇದ್ದುದನ್ನು ಸೆಂಡೈಯವರು ಕಂಡಿದ್ದಾರೆ. ವೃದ್ಧರಲ್ಲಿ ಅಪಾಯವು ಇಮ್ಮಡಿ. ಈ ಹಳೆಯ ಔಷಧಗಳು ಹಿಸ್ಟಮೀನನ್ನಲ್ಲದೆ ಅಸಿಟೈಲ್‌ಕೋಲೀನು ಎಂಬ ಮತ್ತೊಂದು ನರದ್ರವ್ಯವನ್ನೂ ತಡೆಯುವುದರಿಂದ ಬಾಯೊಣಗುವುದು, ಮೂತ್ರಕಟ್ಟುವುದು, ಮರೆವು, ಬುದ್ಧಿಭ್ರಮೆ, ಎಡವಿ ಬೀಳುವುದು ಇವೆಲ್ಲಕ್ಕೂ ಎಡೆಯಾಗುತ್ತದೆ. ಅಜ್ಜನಿಗೆ ವಯಸ್ಸಾಯಿತು, ಅರಳುಮರಳು ಎಂದು ಮನೆಯವರು ಸುಮ್ಮನಾಗುವ ಮುಂಚೆ ಅವರ ಮಾತ್ರೆಯ ಡಬ್ಬಿಯನ್ನೊಮ್ಮೆ ನೋಡುವುದು ಒಳ್ಳೆಯದು.

ವಿಮಾನಚಾಲಕರ ವಿಷಯದಲ್ಲಿ ಅಮೆರಿಕದ ಅಧಿಕಾರಿಗಳು ತೋರಿಸಿರುವ ಕಟ್ಟುನಿಟ್ಟು ಇದಕ್ಕೆ ತಕ್ಕುದಾಗಿದೆ. 1990ರಿಂದ 2012ರ ವರೆಗೆ ಅಪಘಾತಗಳಲ್ಲಿ ಮಡಿದ 6,677 ಚಾಲಕರ ಶವಪರೀಕ್ಷೆಯ ವಿವರಗಳನ್ನು ಅಲ್ಲಿನ ಸಾರಿಗೆ ಸುರಕ್ಷಾಮಂಡಲಿಯು 2014ರಲ್ಲಿ ಪರಿಶೀಲಿಸಿದಾಗ, ಸಾಮರ್ಥ್ಯವನ್ನು ಕುಂದಿಸಬಲ್ಲ ದ್ರವ್ಯಗಳಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಕಂಡದ್ದು ಡೈಫೆನ್‌ಹೈಡ್ರಮೀನು. ಅದೇ ಅಪಘಾತಕ್ಕೆ ಕಾರಣವೆಂದು ಇಷ್ಟರಿಂದಲೇ ಹೇಳಲಾಗದು. ಇದ್ದಿತೆಂಬುದು ಬೇರೆ, ಮಾಡಿತೆಂಬುದು ಬೇರೆ. ಆದರೂ ಆ ದೇಶದ ನಿಯಮದಂತೆ ಅದನ್ನು ಕೊಂಡ ಚಾಲಕನು ಕೊನೆಯ ಮಾತ್ರೆಯಿಂದ 60 ಗಂಟೆಗಳ ಕಾಲ ವಿಮಾನವನ್ನು ಮುಟ್ಟಬಾರದು. ನಿಯಮವು ಅವನಿಗೆ ನಿದ್ರೆ ಬಂದಿದೆಯೇ ಇಲ್ಲವೇ ಎಂದು ಕೇಳುವುದಿಲ್ಲ, ಗಂಟೆಗಳನ್ನು ಎಣಿಸುತ್ತದೆ.

ಹೊಸ ತಲೆಮಾರಿನ ಔಷಧಗಳೆಲ್ಲ ನಿರ್ದೋಷವೆಂದು ಭಾವಿಸುವುದೂ ತಪ್ಪು. ಅವುಗಳಲ್ಲಿ ಮೊದಲು ಹೆಸರುಗೊಂಡ ಟೆರ್ಫೆನಡೀನು ಎಚ್ಚರವನ್ನೇನೋ ಕೆಡಿಸಲಿಲ್ಲ. ಆದರೆ ಎರಿತ್ರೊಮೈಸಿನ್ ಮೊದಲಾದ ಕೆಲವು ಔಷಧಗಳೊಡನೆ ಕೂಡಿದಾಗ ಹೃದಯದ ಲಯವನ್ನು ಮಾರಕವಾಗಿ ಕೆಡಿಸಿದ್ದರಿಂದ 1997-98ರಲ್ಲಿ ಅಮೆರಿಕದ ಮಾರುಕಟ್ಟೆಯಿಂದ ಹೊರಟುಹೋಯಿತು. ಅದು ಶರೀರದಲ್ಲಿ ಮಾರ್ಪಟ್ಟು ಆಗುವ ವಸ್ತುವೇ ಫೆಕ್ಸೊಫೆನಡೀನು. ಅದರಲ್ಲಿ ಈ ದೋಷವಿಲ್ಲ. ಕನ್ನಡನಾಡಿನಲ್ಲಿ ಎಲ್ಲೆಲ್ಲಿಯೂ ಬಳಕೆಯಾಗುತ್ತಿರುವ ಸೆಟಿರಿಜೀನು ಹಳೆಯ ಹೈಡ್ರಾಕ್ಸಿಜೀನಿನ ಸಂತಾನ. ವಂಶಗುಣವು ಸ್ವಲ್ಪ ಉಳಿದಿದೆ. ಅಮೆರಿಕದ ಪರೀಕ್ಷೆಗಳಲ್ಲಿ ದಿನಕ್ಕೆ 10 ಮಿಲಿಗ್ರಾಂ ಕೊಂಡವರಲ್ಲಿ ಶೇಕಡ 14 ಮಂದಿ ನಿದ್ರಾಭಾರವನ್ನು ಹೇಳಿದರು. ಹುಸಿ ಔಷಧ ಕೊಂಡವರಲ್ಲಿ ಶೇಕಡ 6. ಪ್ರಮಾಣವನ್ನು ಇಮ್ಮಡಿಸಿದರೆ ಅದು ಸೆಂಡೈಯವರ 20ರ ಗೆರೆಯನ್ನು ದಾಟುತ್ತದೆ. ಆದಕಾರಣ ‘ನಿದ್ರೆ ಬಾರದ ಮಾತ್ರೆ’ ಎಂಬ ಅಂಗಡಿಯವರ ಮಾತಿನಲ್ಲಿ ತಾರತಮ್ಯವುಂಟು. ಹಳೆಯ ಔಷಧವನ್ನೇ ದಿನವೂ ಕೊಳ್ಳುತ್ತಿದ್ದರೆ ಮೂರು ನಾಲ್ಕು ದಿನಗಳಲ್ಲಿ ನಿದ್ರೆಯ ಬಾಧೆಯು ತಗ್ಗುತ್ತದೆಂಬುದು ನಿಜ. ಆದರೆ ಬಹುಮಂದಿ ಅದನ್ನು ದಿನವೂ ಕೊಳ್ಳುವುದಿಲ್ಲ. ಸೀನು ಬಂದ ದಿನ ಒಂದು ಮಾತ್ರೆ, ಅಷ್ಟೇ. ಅವರಿಗೆ ಎಂದೆಂದಿಗೂ ಮೊದಲನೆಯ ದಿನವೇ.

ಇನ್ನೊಂದು ತೊಡಕು, ಕೊಳ್ಳುವವನಿಗೆ ತಾನು ಕೊಂಡದ್ದೇನೆಂಬುದೇ ತಿಳಿಯದಿರುವುದು. ಶೀತದ ಮಾತ್ರೆಯೆಂದು ಕೊಡುವುದರಲ್ಲಿ ಜ್ವರಕ್ಕೆ ಪ್ಯಾರಸಿಟಮಾಲು, ಮೂಗು ಬಿಡಿಸಲು ಫೆನೈಲೆಫ್ರೀನು, ಇವುಗಳ ಜೊತೆಗೆ ಕ್ಲೋರ್‌ಫೆನಿರಮೀನು ಕೂಡಿರುವುದು ಸಾಮಾನ್ಯ. ಕೆಮ್ಮಿನ ಅನೇಕ ಪಾನಕಗಳಲ್ಲಿಯೂ ಇದುಂಟು. ಫೆನೈಲೆಫ್ರೀನು, ಕ್ಲೋರ್‌ಫೆನಿರಮೀನುಗಳ ಒಂದು ಮಿಶ್ರಣವನ್ನು ನಾಲ್ಕು ವರ್ಷಕ್ಕೆ ಒಳಗಿನ ಮಕ್ಕಳಿಗೆ ಕೊಡಬಾರದೆಂದು ಹೊದಿಕೆಯ ಮೇಲೆ ಅಚ್ಚುಹಾಕಬೇಕೆಂದು ಕೇಂದ್ರದ ಔಷಧನಿಯಂತ್ರಕರು 2023ರಲ್ಲಿ ಆಜ್ಞೆಮಾಡಿದರು. ಶೀತಕ್ಕೊಂದು, ಗಂದೆಗೊಂದು, ಕೆಮ್ಮಿಗೊಂದು ಎಂದು ಮೂರನ್ನು ಕೊಂಡವನು ಒಂದೇ ದ್ರವ್ಯವನ್ನು ಮೂರು ಸಲ ನುಂಗಿದಂತಾಗುವ ಸಂಭವವೂ ಇದೆ.

ಇನ್ನು ಹೊದಿಕೆಯ ಮೇಲಿನ ಎಚ್ಚರಿಕೆಯ ಮಾತು. ಇಂಗ್ಲೆಂಡಿನ ಔಷಧಗಳ ಮೇಲೆ ಅಂಟಿಸುವ ಚೀಟಿಗಳಲ್ಲೊಂದರ ತಾತ್ಪರ್ಯವು ಹೀಗಿದೆ: ಇದರಿಂದ ನಿದ್ರೆ ಬಂದೀತು, ಹಾಗೆ ಬಂದರೆ ವಾಹನವನ್ನು ನಡೆಸಬೇಡಿ. ವಾಕ್ಯರಚನೆಯಲ್ಲಿ ದೋಷವೇನೂ ಇಲ್ಲ. ದೋಷವಿರುವುದು ‘ಬಂದರೆ’ ಎಂಬ ಪಕ್ಷಾರ್ಥದಲ್ಲಿ. ಬಂದಿದೆಯೋ ಇಲ್ಲವೋ ಎಂದು ನಿರ್ಣಯಿಸುವ ಅಧಿಕಾರವನ್ನು ಅದು ಯಾರಿಗೆ ಒಪ್ಪಿಸುತ್ತದೆಯೋ ಅವನೇ ಆ ಅಧಿಕಾರವನ್ನು ಕಳೆದುಕೊಂಡವನು. ಕನ್ನಡದಲ್ಲಿ ಇಂತಹ ಎಚ್ಚರಿಕೆಯನ್ನು ಬರೆಯುವವರು ‘ನಿದ್ರೆ ಬರಬಹುದು’ ಎನ್ನುವುದು ವಾಡಿಕೆ. ‘ಬಹುದು’ ಎಂಬುದಕ್ಕೆ ಸಂಭಾವನೆಯಂತೆಯೇ ಅನುಮತಿಯ ಅರ್ಥವೂ ಇರುವುದರಿಂದ ಅದರ ಬಲವು ಇನ್ನೂ ಕುಗ್ಗುತ್ತದೆ. ತೂಕಡಿಕೆ, ಜೊಂಪು, ಮಂಪರು ಎಂಬ ಮಾತುಗಳೆಲ್ಲ ನಿದ್ರೆಯ ಅಂಚಿನವು; ತೂಕಡಿಸುವವನ ತಲೆಯೇ ಅವನಿಗೆ ಸಾಕ್ಷಿ ಹೇಳುತ್ತದೆ. ಇಲ್ಲಿ ಬೇಕಾದ ಅರ್ಥಕ್ಕೆ ಹತ್ತಿರವಾದದ್ದು ‘ಮಂಕು’. ಅದು ಕಣ್ಣು ತೆರೆದಿರುವಾಗಲೂ ಕವಿಯತಕ್ಕದ್ದು, ಕವಿದವನಿಗಿಂತ ಎದುರಿಗಿದ್ದವನಿಗೇ ಮೊದಲು ಕಾಣತಕ್ಕದ್ದು. ‘ಈ ಮಾತ್ರೆಯನ್ನು ಕೊಂಡಮೇಲೆ ನಿದ್ರೆ ಬಾರದಿದ್ದರೂ ಬುದ್ಧಿಗೆ ಮಂಕು ಕವಿದೀತು, ನಾಳೆಯವರೆಗೆ ವಾಹನವನ್ನು ನಡೆಸಬೇಡಿ’ ಎಂದು ಅಚ್ಚುಹಾಕಿದರೆ ಚೀಟಿಯಲ್ಲಿ ಒಂದು ಸಾಲು ಹೆಚ್ಚಾಗುವುದು.